ಒಂದೇ ವಿಎಚ್‌ಎಫ್ ಸೆಟ್, ಎರಡು ಕೌಂಟರ್, 785 ಹರ್ಟ್ಸ್ ವ್ಯತ್ಯಾಸ: ಯಾವುದನ್ನು ನಂಬುವುದು?

ಬೈತಖೋಲ್_ಬೆಂಚು (ಕಾರವಾರ)

ಟ್ರಾಲ್ ಬೋಟಿನ ರೇಡಿಯೋ, 25 ವಾಟ್ ಮರೈನ್ ವಿಎಚ್‌ಎಫ್ ಸೆಟ್. 16ನೇ ಚಾನೆಲ್ಲಿನಲ್ಲಿ 156.800000 ಮೆಗಾಹರ್ಟ್ಸ್ ಬರಬೇಕು. ಕಾರವಾರದ ಬೆಂಚಿನ ಫ್ರೀಕ್ವೆನ್ಸಿ ಕೌಂಟರ್ (ಸೆಕೆಂಡಿಗೆ ಎಷ್ಟು ಅಲೆ ಎಂದು ಎಣಿಸುವ ಉಪಕರಣ) 156.801412 ತೋರಿಸುತ್ತದೆ. ಮರುದಿನ ಅದೇ ಸೆಟ್ಟನ್ನು ಶಿರಸಿಯ ಕೌಂಟರಿಗೆ ಕೊಟ್ಟರೆ 156.800627. ಎರಡರಲ್ಲೂ ಗೇಟ್ (ಎಣಿಸುವ ಅವಧಿ) 1 ಸೆಕೆಂಡ್, ಎರಡೂ ಒಂಬತ್ತು ಅಂಕಿಯವು, ಕೊನೆಯ ಅಂಕಿ ಬಿಟ್ಟರೆ ಯಾವುದೂ ಅಲುಗುವುದಿಲ್ಲ.

ಬೋಟಿನ ಸೆಟ್ಟಿಗೆ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ತನಕ ಅವಕಾಶ, ಅಂದರೆ 1568 ಹರ್ಟ್ಸ್. ಮೊದಲನೆಯದನ್ನು ನಂಬಿದರೆ 9 ಪಿಪಿಎಂ, ಸೆಟ್ ಅಂಚಿಗೆ ಬಂದಿದೆ. ಎರಡನೆಯದನ್ನು ನಂಬಿದರೆ 4, ಆರಾಮಾಗಿದೆ. ಸೆಟ್ಟಿನ ಟ್ರಿಮ್ಮರ್ (ಫ್ರೀಕ್ವೆನ್ಸಿ ತಿದ್ದುವ ತಿರುಪು) ಮುಟ್ಟಬೇಕೋ ಬೇಡವೋ? ಸೆಲ್ಫ್ ಚೆಕ್ ಒತ್ತಿದರೆ ಎರಡು ಕೌಂಟರುಗಳೂ 10.000000 ತೋರಿಸುತ್ತವೆ, ಹಾಗಾಗಿ ಕೌಂಟರ್ ಸರಿ ಇರಬೇಕಲ್ಲ?

ಇನ್ನೊಂದು ಪ್ರಶ್ನೆ: ಇನ್ವರ್ಟರಿನ ಔಟ್‌ಪುಟ್ ನೋಡಿದರೆ 50, 51, 50 ಎಂದು ಕುಣಿಯುತ್ತದೆ. ದಶಮಾಂಶ ನೋಡುವುದು ಹೇಗೆ?

ಘಟ್ಟದ_ಮೇಲೆ (ಶಿರಸಿ)

ಸೆಲ್ಫ್ ಚೆಕ್ಕನ್ನು ಮೊದಲು ಬದಿಗಿಡಿ ಮಾರಾಯ್ರೆ. ಅದರಲ್ಲಿ ಕೌಂಟರ್ ತನ್ನದೇ ಗಡಿಯಾರವಾದ 10 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ಅದೇ ಕ್ರಿಸ್ಟಲ್ಲಿನಿಂದ ಹುಟ್ಟಿದ ಗೇಟಿನಲ್ಲಿ ಎಣಿಸುತ್ತದೆ. ಕ್ರಿಸ್ಟಲ್ 50 ಪಿಪಿಎಂ ಆಚೆ ಹೋಗಿದ್ದರೂ 10.000000 ಎಂದೇ ಬರುತ್ತದೆ. ಎಣಿಕೆಯ ಸರ್ಕೀಟು ಮತ್ತು ಡಿಸ್ಪ್ಲೇ ಸರಿ ಇವೆ ಎಂಬುದಷ್ಟೇ ಅದರಿಂದ ತಿಳಿಯುವುದು.

ಅಲುಗದ ಅಂಕಿ ಎಂದರೆ ನಿಖರ ಅಂಕಿ ಅಲ್ಲ. ಗೇಟ್ 1 ಸೆಕೆಂಡ್ ಇದ್ದರೆ ±1 ಎಣಿಕೆ, ಅಂದರೆ ±1 ಹರ್ಟ್ಸ್. ನಿಮ್ಮ ಕೊನೆಯ ಅಂಕಿ ಅಲುಗುವುದು ಅದಕ್ಕೇ. ಟೈಮ್‌ಬೇಸಿನ (ಅಂದರೆ ಆ ಕ್ರಿಸ್ಟಲ್ ಗಡಿಯಾರದ) ತಪ್ಪು ಹಾಗಲ್ಲ, ಅದು ಅಳೆಯುವ ಫ್ರೀಕ್ವೆನ್ಸಿಯ ಜೊತೆಗೆ ಗುಣಿಸಿಕೊಂಡು ಬೆಳೆಯುತ್ತದೆ. 1 ಪಿಪಿಎಂ ತಪ್ಪು 10 ಮೆಗಾಹರ್ಟ್ಸಿನಲ್ಲಿ 10 ಹರ್ಟ್ಸ್, 156.8ರಲ್ಲಿ 157 ಹರ್ಟ್ಸ್. ನಿಮ್ಮ 785 ಹರ್ಟ್ಸ್ ವ್ಯತ್ಯಾಸ ಸರಿಯಾಗಿ 5 ಪಿಪಿಎಂ. ಸಾಧಾರಣ ಕ್ರಿಸ್ಟಲ್ ಇರುವ ಎರಡು ಕೌಂಟರುಗಳ ನಡುವೆ ಇಷ್ಟು ಬಂದರೆ ಏನೂ ಆಶ್ಚರ್ಯವಿಲ್ಲ. ಟಿಸಿಎಕ್ಸ್‌ಓ (ಉಷ್ಣಾಂಶದ ಪರಿಣಾಮ ಸರಿದೂಗಿಸುವ ಕ್ರಿಸ್ಟಲ್) ಇದ್ದರೆ 1-2 ಪಿಪಿಎಂ ಒಳಗೆ ಇರಬೇಕು, ಕ್ರಿಸ್ಟಲ್ಲನ್ನು ಒಂದೇ ಬಿಸಿಯಲ್ಲಿಡುವ ಓವನ್ ಇರುವ ಓಸಿಎಕ್ಸ್‌ಓ ಆದರೆ ಅದಕ್ಕಿಂತ ಎಷ್ಟೋ ಪಾಲು ಕಡಿಮೆ.

ಇನ್ನೂ ಒಂದು ಗೊಂದಲ ಇದೆ. ಕಾರವಾರದ ಸೆಖೆಯಲ್ಲಿ ಒಮ್ಮೆ, ಶಿರಸಿಯ ತಂಪಿನಲ್ಲಿ ಒಮ್ಮೆ ಅಳೆದಿದ್ದೀರಿ. ಕೌಂಟರುಗಳ ಜೊತೆಗೆ ಸೆಟ್ಟಿನ ಕ್ರಿಸ್ಟಲ್ ಕೂಡ ಸರಿದಿರಬಹುದು. ಆದ್ದರಿಂದ ಸೆಟ್ಟನ್ನು ಬಿಡಿ, ಮೂರನೆಯ ಮೂಲವೊಂದನ್ನು ಎರಡೂ ಕೌಂಟರಿಗೆ ಕೊಡಿ. ಜಿಪಿಎಸ್‌ಡಿಓ (ಜಿಪಿಎಸ್ ಸಿಗ್ನಲ್ಲಿಗೆ ಕಟ್ಟಿದ ಆಸಿಲೇಟರ್) ಸಿಗದಿದ್ದರೆ ಯು-ಬ್ಲಾಕ್ಸ್ ನಿಯೋ-ಎಂ8ಎನ್ ಜಿಪಿಎಸ್ ಮಾಡ್ಯೂಲ್ ಸಾಕು. ಅದರ ಟೈಮ್‌ಪಲ್ಸ್ ಪಿನ್ನನ್ನು 10ಕ್ಕೆ ಇಡಬೇಡಿ, 8 ಮೆಗಾಹರ್ಟ್ಸಿಗೆ ಇಡಿ. ಒಳಗಿನ ಗಡಿಯಾರ 48 ಮೆಗಾಹರ್ಟ್ಸ್. 8 ಶೇಷವಿಲ್ಲದೆ ಭಾಗವಾಗುತ್ತದೆ, 10 ಆಗುವುದಿಲ್ಲ, ಜಿಟ್ಟರ್ (ಪಲ್ಸಿನ ಹಿಂದುಮುಂದಾಟ) ಹೆಚ್ಚುತ್ತದೆ. ಆಂಟೆನಾಕ್ಕೆ ಬಯಲು ಆಕಾಶ ಬೇಕು. ತಗಡಿನ ಮಾಡಿನ ಕೆಳಗೆ ಆಗದು, ಅಡಿಕೆ ತೋಟದ ನಡುವೆಯೂ ಬೇಡ. ಫಿಕ್ಸ್ ಸಿಕ್ಕ ಮೇಲೆಯೇ (ಉಪಗ್ರಹಗಳಿಂದ ಸ್ಥಾನ ಗೊತ್ತಾದ ಮೇಲೆಯೇ) ಓದಿ. ಎರಡೂ ಕೌಂಟರುಗಳನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿ, ಗೇಟ್ 10 ಸೆಕೆಂಡ್ ಇಡಿ. ಆಗ 0.1 ಹರ್ಟ್ಸ್ ತನಕ ಕಾಣುತ್ತದೆ, 156.8ಕ್ಕೆ ಲೆಕ್ಕ ಹಾಕಿದರೆ ಸುಮಾರು 2 ಹರ್ಟ್ಸ್.

ಕೌಂಟರ್ ಹೆಚ್ಚು ತೋರಿಸಿದರೆ ಅದರ ಕ್ರಿಸ್ಟಲ್ ನಿಧಾನ ಎಂದರ್ಥ: ಗೇಟ್ ಹೆಚ್ಚು ಹೊತ್ತು ತೆರೆದಿರುತ್ತದೆ, ಎಣಿಕೆ ಜಾಸ್ತಿ ಬೀಳುತ್ತದೆ. ಹಿಂಬದಿಯ ಟ್ರಿಮ್ಮರ್ ತಿರುಗಿಸಿ 8.0000000ಕ್ಕೆ ತಂದುಬಿಡಿ.

ಹೊನ್ನಾವರ_ಆರ್‌ಎಫ್

ಮೇಲಿನದೆಲ್ಲ ಸರಿ, ಕೊನೆಯ ಸಾಲು ಒಂದನ್ನು ನಾನು ಒಪ್ಪುವುದಿಲ್ಲ. ಸಾಧಾರಣ ಕ್ರಿಸ್ಟಲ್ಲಿನ ಕೌಂಟರಿನ ಟ್ರಿಮ್ಮರ್ ತಿರುಗಿಸಿದರೆ ಆ ಹೊತ್ತಿನ ಉಷ್ಣಾಂಶಕ್ಕೆ ಮಾತ್ರ ಸರಿಹೋಗುತ್ತದೆ. ಸಂಜೆಗೆ ಮತ್ತೆ ಬೇರೆ. ಟ್ರಿಮ್ಮರ್ ಹಾಗೇ ಇರಲಿ. ತಪ್ಪು ಎಷ್ಟು ಪಿಪಿಎಂ, ಕೋಣೆಯ ಉಷ್ಣಾಂಶ ಎಷ್ಟು, ದಿನಾಂಕ ಯಾವುದು ಎಂದು ಚೀಟಿ ಬರೆದು ಕೌಂಟರಿನ ಮೇಲೆ ಅಂಟಿಸಿ, ಓದಿದ್ದರಲ್ಲಿ ಅಷ್ಟು ಕಳೆಯಿರಿ. ಪ್ರತಿ ಸೆಟ್ಟಿಗೂ ಮೊದಲು 8 ಮೆಗಾಹರ್ಟ್ಸ್ ಒಮ್ಮೆ ನೋಡಿಕೊಂಡರೆ ಇನ್ನೂ ಒಳ್ಳೆಯದು, ಒಂದು ನಿಮಿಷದ ಕೆಲಸ. ಜೂನ್-ಜುಲೈಯ ಮೀನುಗಾರಿಕೆ ನಿಷೇಧದಲ್ಲಿ ಸೆಟ್‌ಗಳು ರಾಶಿ ಬೀಳುವಾಗ ಮಳೆ, ತೇವ, ಕರೆಂಟು ಹೋಗುವುದು ಎಲ್ಲ ಒಟ್ಟಿಗೇ ಇರುತ್ತದೆ. ಕರೆಂಟು ಹೋಗಿ ಬಂದ ಮೇಲೆ ಮತ್ತೆ ಅರ್ಧ ಗಂಟೆ ಕಾಯಬೇಕು.

ಸೆಟ್ಟನ್ನು ಕೌಂಟರಿಗೆ ಹೇಗೆ ಕೊಡುತ್ತಿದ್ದೀರಿ ಎಂದು ಬರೆದಿಲ್ಲ. 25 ವಾಟ್ ಎಂದರೆ 50 ಓಮಿನಲ್ಲಿ 35 ವೋಲ್ಟ್, ನೇರ ಕೊಟ್ಟರೆ ಇನ್‌ಪುಟ್ ಸುಡುತ್ತದೆ. 50 ವಾಟಿನ 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು), ಅದರ ನಂತರ ಸಣ್ಣ 20 ಡಿಬಿ. ಆಗ ಕೌಂಟರಿಗೆ ಸುಮಾರು 0.11 ವೋಲ್ಟ್ ತಲುಪುತ್ತದೆ, ಹೆಚ್ಚಿನ ಕೌಂಟರುಗಳಿಗೆ ಧಾರಾಳ. ಇಲ್ಲದಿದ್ದರೆ ಆಂಟೆನಾ ಬದಲು ಹಾಕುವ ಡಮ್ಮಿ ಲೋಡಿನ ಪಕ್ಕ ಎರಡು ಸುತ್ತಿನ ತಂತಿ ಹಿಡಿಯಿರಿ. ಮೈಕಿನಲ್ಲಿ ಮಾತು ಬೇಡ, ಶಿಳ್ಳೆ ಬೇಡ. ಎಫ್ಎಂ ಆದ್ದರಿಂದ ಬರೀ ಕ್ಯಾರಿಯರ್ ಇದ್ದಾಗ ಮಾತ್ರ ಓದು ನಿಲ್ಲುತ್ತದೆ. ಬಿಎನ್‌ಸಿ ಕನೆಕ್ಟರಿನ ನಡುಪಿನ್ನು ಹಸಿರುಗಟ್ಟಿದ್ದರೆ ಸಿಗ್ನಲ್ ಕುಸಿದು ಕೌಂಟರ್ ಎಣಿಕೆ ತಪ್ಪಿಸುತ್ತದೆ, ಓದು ಮನಬಂದಂತೆ ಜಿಗಿಯುತ್ತದೆ. ಉಪ್ಪುಗಾಳಿಯ ಊರಲ್ಲಿ ಅದನ್ನು ಮೊದಲು ನೋಡಬೇಕು.

ಬೈತಖೋಲ್_ಬೆಂಚು

ಅಟೆನ್ಯುಯೇಟರ್ ಹೀಗೇ ಇದೆ, 30 ಮತ್ತು 20. ಶಿರಸಿಯ ಕೌಂಟರನ್ನು ಕೆಳಗೆ ತರಿಸಿ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಎಂ8ಎನ್ ಮಾಡ್ಯೂಲಿನ 8 ಮೆಗಾಹರ್ಟ್ಸ್ ಕೊಟ್ಟೆ. ಕಾರವಾರದ್ದು 8.0000344, ಶಿರಸಿಯದ್ದು 7.9999944. ಅಂದರೆ +4.3 ಮತ್ತು −0.7 ಪಿಪಿಎಂ. ಆಮೇಲೆ ಟಿ ಕನೆಕ್ಟರ್ ಬಿಟ್ಟು ಸ್ಪ್ಲಿಟರಿನಲ್ಲಿ ಸೆಟ್ಟಿನ ಸಿಗ್ನಲ್ ಎರಡಕ್ಕೂ ಏಕಕಾಲಕ್ಕೆ ಕೊಟ್ಟೆ: 156.8ರ ಮೇಲೆ ಮತ್ತೆ 1412 ಮತ್ತು 627 ಹರ್ಟ್ಸಿನ ಆಸುಪಾಸು. ತಿದ್ದಿದರೆ 1412 − 674 = 738, 627 + 110 = 737.

ಘಟ್ಟದ_ಮೇಲೆ

ಹಾಗಾದರೆ ಸೆಟ್ 4.7 ಪಿಪಿಎಂ ಮೇಲಿದೆ, ಎರಡು ಕೌಂಟರುಗಳ ಮಾತೂ ಕೂಡಿತು. ಚೀಟಿ ಅಂಟಿಸುವ ಮಾತು ಒಪ್ಪಿದೆ, ನನ್ನ ಸಲಹೆಗಿಂತ ಅದೇ ಮೇಲು. ಸೆಟ್ಟಿನ ಟ್ರಿಮ್ಮರ್ ಈಗಲೇ ಮುಟ್ಟಬೇಡಿ. ಬೋಟಿನ ಕ್ಯಾಬಿನ್ ಮಧ್ಯಾಹ್ನ ಚೆನ್ನಾಗಿ ಕಾಯುತ್ತದೆ. ಒಂದು ನಿಮಿಷ ಕೀ ಒತ್ತಿ ಹಿಡಿದು ಓದು ಎತ್ತ ಸರಿಯುತ್ತದೆ ನೋಡಿ. ಮೇಲಕ್ಕೇ ಓಡುತ್ತಿದ್ದರೆ ಬಿಸಿಯಲ್ಲಿ 10 ದಾಟಬಹುದು, ಆಗ ಕೆಳಗೆ ತನ್ನಿ. ಕೆಳಕ್ಕೆ ಬಂದರೆ ಹಾಗೇ ಬಿಡಿ.

ತದಡಿ_ತೀರ

ಇನ್ವರ್ಟರ್ ಪ್ರಶ್ನೆ ಉಳಿಯಿತು. 1 ಸೆಕೆಂಡ್ ಗೇಟಿನಲ್ಲಿ 50 ಎಣಿಕೆ, ±1 ಎಂದರೆ 2 ಶೇಕಡಾ. ಗ್ರಿಡ್ಡಿನ ನಿಗದಿಯೇ 49.90ರಿಂದ 50.05 ಇರುವಾಗ ಈ ಓದಿನಿಂದ ಏನೂ ತಿಳಿಯದು. ಒಂದು ಅಲೆಯ ಅವಧಿ ಅಳೆಯುವ ಪೀರಿಯಡ್ ಮೋಡಿಗೆ ಹಾಕಿ. 20 ಮಿಲಿಸೆಕೆಂಡಿನಲ್ಲಿ 10 ಮೆಗಾಹರ್ಟ್ಸಿನ 2,00,000 ಎಣಿಕೆ ಬೀಳುತ್ತದೆ, ±1 ಎಂದರೆ 5 ಪಿಪಿಎಂ. 1ನ್ನು ಪೀರಿಯಡ್ಡಿನಿಂದ ಭಾಗಿಸಿದರೆ ಫ್ರೀಕ್ವೆನ್ಸಿ.

ಆದರೆ ಇಲ್ಲಿ ಕಾಡುವುದು ಎಣಿಕೆಯಲ್ಲ, ಟ್ರಿಗ್ಗರ್ (ಅಲೆ ಸೊನ್ನೆ ದಾಟಿದ್ದನ್ನು ಹಿಡಿಯುವ ಕ್ಷಣ). ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿದ 6 ವೋಲ್ಟ್ ಸೈನ್ ಅಲೆ ಸೊನ್ನೆ ದಾಟುವಾಗ ಮೈಕ್ರೋಸೆಕೆಂಡಿಗೆ 2.7 ಮಿಲಿವೋಲ್ಟ್ ಮಾತ್ರ ಏರುತ್ತದೆ. 10 ಮಿಲಿವೋಲ್ಟ್ ನಾಯ್ಸ್ ಇದ್ದರೆ ದಾಟುವ ಕ್ಷಣ ಸುಮಾರು 4 ಮೈಕ್ರೋಸೆಕೆಂಡ್ ಹಿಂದುಮುಂದಾಗುತ್ತದೆ, ಅದು 200 ಪಿಪಿಎಂ. 100 ಪೀರಿಯಡ್ ಒಟ್ಟಿಗೆ ಅಳೆದರೆ ಅದೇ 2 ಪಿಪಿಎಂಗೆ ಇಳಿಯುತ್ತದೆ, ಹಿಡಿಯುವುದು ಎರಡೇ ಸೆಕೆಂಡ್. ಲೋ-ಪಾಸ್ ಫಿಲ್ಟರ್ ಗುಂಡಿ ಇದ್ದರೆ ಒತ್ತಿ, ಇನ್ವರ್ಟರಿನ ಸ್ವಿಚಿಂಗ್ ಮುಳ್ಳುಗಳನ್ನು ಕೌಂಟರ್ ಎರಡೆರಡು ಸಲ ಎಣಿಸುವುದು ನಿಲ್ಲುತ್ತದೆ.

230 ವೋಲ್ಟನ್ನು ನೇರ ಕೊಡಲೇಬೇಡಿ. ಬಿಎನ್‌ಸಿಯ ಹೊರಕವಚ ಕೌಂಟರಿನ ಮೈಗೇ ಸೇರಿರುತ್ತದೆ. 230ರಿಂದ 6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಸರಣಿಯಲ್ಲಿ 10 ಕಿಲೋ ಓಮ್, ಇನ್‌ಪುಟ್ಟಿಗೆ ಅಡ್ಡಲಾಗಿ ಎದುರುಬದುರು ಎರಡು 1ಎನ್4148 ಡಯೋಡ್. ಡಯೋಡ್ ತಲೆ ಕತ್ತರಿಸಿದರೂ ಸೊನ್ನೆ ದಾಟುವ ಇಳಿಜಾರು ಹಾಗೇ ಉಳಿಯುತ್ತದೆ. ಇನ್‌ಪುಟ್ 1 ಮೆಗಾಓಮಿನಲ್ಲಿರಲಿ. 50 ಓಮಿನಲ್ಲಿ ಬಿಟ್ಟರೆ 10 ಕಿಲೋ ಓಮ್ ಎಲ್ಲ ನುಂಗಿ ಕೌಂಟರಿಗೆ 30 ಮಿಲಿವೋಲ್ಟ್ ಮಾತ್ರ ಸಿಗುತ್ತದೆ.