ಬಣ್ಣ ಹಚ್ಚಿದ ಸ್ಪೇಸ್ ಮರೀನ್‌ಗಳಿಗೆ ಎಷ್ಟು ಕೇಳಲಿ?

ಪ್ರಶ್ನೆ (ಕದ್ರಿ, ಮಂಗಳೂರು):
ನನ್ನ ಹತ್ತಿರ 20 ವಾರ್‌ಹ್ಯಾಮರ್ ಸ್ಪೇಸ್ ಮರೀನ್‌ಗಳಿವೆ (ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಸೈನಿಕ ಗೊಂಬೆಗಳು, ಬಣ್ಣ ನಾವೇ ಹಚ್ಚಬೇಕು). ಒಂದೊಂದಕ್ಕೂ ಮೂರು ಸಂಜೆ ಹಿಡಿದಿದೆ. ಜುಲೈ ಮಳೆಯಲ್ಲಿ ಸ್ಪ್ರೇ ವಾರ್ನಿಷ್ ಹೊಡೆದೆ, ನಾಲ್ಕರ ಹೆಗಲು ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಬಣ್ಣ ಹಚ್ಚದ ಹೊಸ ಪೆಟ್ಟಿಗೆಯ ಬೆಲೆಗಿಂತ ಜಾಸ್ತಿ ಕೇಳಿದರೆ ತಪ್ಪಾ?

ಉತ್ತರ (ಉಡುಪಿ):
ತಪ್ಪಲ್ಲ, ಯಾರೂ ಕೊಡುವುದಿಲ್ಲ ಅಷ್ಟೇ. ಕೊಳ್ಳುವವನಿಗೆ ಬೇರೆ ಬಣ್ಣ ಬೇಕಿದ್ದರೆ ಇದ್ದ ಬಣ್ಣ ಬಿಡಿಸಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕುವ ಕೆಲಸ ಅವನದೇ ಅಲ್ವಾ? ನಾನು ನನ್ನವನ್ನು ಅರ್ಧ ಬೆಲೆಗೆ ಕೊಟ್ಟೆ. ಬೆಳ್ಳಗಾದವುಗಳ ಫೋಟೊ ಮೊದಲು ಹಾಕಿ, ಹಗಲು ಬೆಳಕಿನಲ್ಲಿ.

ಉತ್ತರ (ಸುರತ್ಕಲ್):
ಕೊರಿಯರ್ ಜೋಪಾನ. ಕೈಕಾಲು ಅಂಟಿಸಿದ ಸೂಪರ್ ಗ್ಲೂ ಪೆಟ್ಟು ತಡೆಯುವುದಿಲ್ಲ. ನನಗೆ ಬಂದ ಡಬ್ಬಿಯಲ್ಲಿ ಬಂದೂಕು ಹಿಡಿದ ಕೈ ಒಂದೇ ಉರುಳಾಡುತ್ತಿತ್ತು.

ಕದ್ರಿ:
ಸರಿ, 15 ಅರ್ಧ ಬೆಲೆಗೆ. ಬೆಳ್ಳಗಾದ ನಾಲ್ಕು ಪುಕ್ಕಟೆ. ಕ್ಯಾಪ್ಟನ್ ಮಾತ್ರ ಮಾರಾಟಕ್ಕಿಲ್ಲ.