ಮಹಿಳಾ ಮಂಡಳಿಯ ಮಾಡು (ಛಾವಣಿ) ರಿಪೇರಿಗೆ ಹಣ ಕೂಡಿಸುವುದು ಹೇಗೆ?

ಕಾರ್ಯದರ್ಶಿ, ಸಾಗರ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮ ಹಳ್ಳಿಯ ಮಹಿಳಾ ಮಂಡಳಿಗೆ ಸ್ವಂತದ್ದೊಂದು ಕೋಣೆ, ಅದರ ಮುಂದೆ ಜಗಲಿ ಇದೆ. ಮಂಗಳವಾರ ಸಂಜೆ ಭಜನೆ, ತಿಂಗಳಿಗೊಮ್ಮೆ ಸಭೆ. ಉಳಿದ ದಿನಗಳಲ್ಲಿ ಮೂರು ಹೊಲಿಗೆ ಯಂತ್ರಗಳು ನಡೆಯುತ್ತಿರುತ್ತವೆ. ಬೇಸಿಗೆ ರಜೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಮಕ್ಕಳಿಗೆ ಹಸೆ ಚಿತ್ತಾರ ಕಲಿಸುತ್ತಾರೆ. ಈ ಮಳೆಗಾಲದಲ್ಲಿ ಮಾಡು ಸೋರಿ ಎರಡು ಯಂತ್ರಗಳಿಗೆ ತುಕ್ಕು ಹಿಡಿಯಿತು. ಬಡಗಿ ಬಂದು ನೋಡಿ, ಹೆಂಚು ಹೊರುವ ಮರದ ಪಕಾಸಿಗೆ ಗೆದ್ದಲು ಹತ್ತಿದೆ, ಹೆಂಚು ಮಾತ್ರ ಬದಲಿಸಿ ಪ್ರಯೋಜನವಿಲ್ಲ ಎಂದರು. ಮರ, ಹೆಂಚು, ಕೂಲಿ ಸೇರಿ 1,80,000 ರೂಪಾಯಿ ಅಂದಾಜು ಕೊಟ್ಟಿದ್ದಾರೆ. ನಮ್ಮ ಖಾತೆಯಲ್ಲಿ ಇರುವುದು 31,000.

ಕಳೆದ ಸಭೆಯಲ್ಲಿ ಎರಡು ಸಲಹೆಗಳು ಬಂದವು. ಕಿರಿಯರು ಅದೃಷ್ಟ ಕೂಪನ್ ಮಾಡೋಣ, ಮೊದಲ ಬಹುಮಾನಕ್ಕೆ ಫ್ರಿಜ್ ಇಡೋಣ ಎನ್ನುತ್ತಾರೆ. ಅಧ್ಯಕ್ಷೆಯವರು, ಹೇಗೂ ಗೃಹಲಕ್ಷ್ಮಿ ಹಣ ಬರುತ್ತದಲ್ಲ, ತಿಂಗಳ ವಂತಿಗೆಯನ್ನು 20ರಿಂದ 200ಕ್ಕೆ ಏರಿಸೋಣ ಎನ್ನುತ್ತಾರೆ. ನನ್ನ ಮನಸ್ಸು ಎರಡಕ್ಕೂ ಒಪ್ಪುತ್ತಿಲ್ಲ, ಆದರೆ ಬದಲಿಗೆ ಏನು ಹೇಳಬೇಕೆಂದೂ ತೋಚುತ್ತಿಲ್ಲ. ಹಲಸಿನ ಹಪ್ಪಳ ಮಾಡಿ ಮಾರಿದರೆ ಇಷ್ಟು ಹಣ ಹುಟ್ಟೀತೇ? ಮುಂದಿನ ಮಳೆಗಾಲದೊಳಗೆ ಕೆಲಸ ಮುಗಿಯಬೇಕು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೆಯ ಖಜಾಂಚಿ, ಶಿರಸಿ:

ತಂಗಿ, ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ನಾನು ಬಹಳ ವರ್ಷ ಮಂಡಳಿಯೊಂದರ ಲೆಕ್ಕ ನೋಡಿಕೊಂಡವಳು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಕೂಪನ್ ವಿಚಾರ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಗಿದೆ. ಅನುಮತಿಯಿಲ್ಲದೆ ಚೀಟಿ ಮಾರಿ ಬಹುಮಾನ ಎತ್ತುವುದು ಹಿಂದೆ ದಂಡ ಸಂಹಿತೆಯ 294ಎ ಕಲಮಿನ ಕೆಳಗೆ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನ ಕೆಳಗೆ ಬರುತ್ತದೆ. ಊರೂರಲ್ಲಿ ಮಾಡುತ್ತಾರಲ್ಲ ಎಂದು ಕಿರಿಯರು ಕೇಳುತ್ತಾರೆ. ಮಾಡುತ್ತಾರೆ, ನಿಜ. ಆದರೆ ಯಾರಾದರೂ ದೂರು ಕೊಟ್ಟರೆ ಠಾಣೆಗೆ ಹೋಗಿ ಉತ್ತರ ಹೇಳಬೇಕಾದವರು ಪದಾಧಿಕಾರಿಗಳು, ಅಂದರೆ ನೀವು. ಕಾನೂನು ಬದಿಗಿರಲಿ, ಕೂಪನ್ ಪುಸ್ತಕಗಳು ಯಾರ ಕೈಗೆ ಹೋಗುತ್ತವೆ ಎಂಬುದನ್ನು ನೋಡಿ. ಪ್ರತಿ ಸದಸ್ಯೆಗೆ ಒಂದೊಂದು ಪುಸ್ತಕ. ದೊಡ್ಡ ಮನೆಯವರದ್ದು ನೆಂಟರಲ್ಲೇ ಮುಗಿಯುತ್ತದೆ. ತೋಟದ ಕೆಲಸಕ್ಕೆ ಹೋಗುವ ಹೆಂಗಸಿನ ಹತ್ತಿರ ಅರ್ಧ ಪುಸ್ತಕ ಉಳಿಯುತ್ತದೆ, ಮರ್ಯಾದೆಗೆ ಅಂಜಿ ಆಕೆ ತನ್ನ ದುಡ್ಡನ್ನೇ ಕಟ್ಟುತ್ತಾಳೆ. ಬಾಯಿ ಬಿಟ್ಟು ಹೇಳುವುದಿಲ್ಲ.

ವಂತಿಗೆ ಏರಿಸುವುದಕ್ಕೂ ನನ್ನ ವಿರೋಧವಿದೆ, ಕಾರಣವೂ ಅದೇ. ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಯ ಹೆಸರಿಗೆ ಬರುತ್ತಿದೆ. ಒಂದು ಮನೆಗೆ ಒಬ್ಬಳೇ ಯಜಮಾನಿ. ಅತ್ತೆಯ ಹೆಸರಿಗೆ ಬಂದರೆ ಸೊಸೆಯ ಕೈಗೆ ಬಂದಂತೆ ಆಗುವುದಿಲ್ಲ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗಳಿಗೆ ಆ ಹಣ ಇಲ್ಲವೇ ಇಲ್ಲ. ಹಣ ಬಂದ ಮನೆಯಲ್ಲೂ ಅದು ಗ್ಯಾಸ್, ಔಷಧಿ, ಮಕ್ಕಳ ಫೀಸಿಗೆ ಆಗಲೇ ಹಂಚಿಹೋಗಿರುತ್ತದೆ. ತಿಂಗಳಿಗೆ 200 ಕೊಡಲಾಗದವಳು ಜಗಳ ಮಾಡುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾಳೆ. ಮಾಡು ಹೊಸದಾಗಿ, ಅದರ ಕೆಳಗೆ ಕೂರಬೇಕಾದವರೇ ಇಲ್ಲದಿದ್ದರೆ ಆ ಮಾಡು ಯಾರಿಗೆ? ವಂತಿಗೆ 20 ಇರುವುದು 20 ಆಗಿಯೇ ಇರಲಿ.

ಈಗ ಹಪ್ಪಳ. ಖಂಡಿತ ಮಾಡಿ, ಆದರೆ ಹಲಸಿನಕಾಯಿ ಪುಕ್ಕಟೆ ಸಿಗುತ್ತದೆ ಎಂಬ ಒಂದೇ ಮಾತು ಹಿಡಿದು ಲಾಭ ಎಣಿಸಬೇಡಿ. ಬಲಿತ ಬಕ್ಕೆ ಹಲಸಿನ ಕಾಯಿಯನ್ನು ಮರ ಹತ್ತಿ ಇಳಿಸುವವನಿಗೆ ಕೂಲಿ ಕೊಡಬೇಕು. ಕೈಗೆ ಎಣ್ಣೆ ಸವರಿಕೊಂಡು, ಮೇಣ ಒರೆಸಿ, ಸೊಳೆ ಬಿಡಿಸಿ, ಬೇಯಿಸಿ, ಮೆಣಸು–ಉಪ್ಪು–ಜೀರಿಗೆ ಸೇರಿಸಿ ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರಡಿ, ಮಗುಚಿ ಹಾಕಿ, ಸಂಜೆ ಎತ್ತಿಡುವವರೆಗೆ ಹತ್ತು ಹೆಂಗಸರ ಇಡೀ ದಿನ ಹೋಗುತ್ತದೆ. ನಡುವೆ ಮೋಡ ಕವಿದರೆ ಎಲ್ಲವೂ ಬೂಸಲು. ಈ ದುಡಿಮೆಗೆ ಬೆಲೆ ಕಟ್ಟದೆ ನೂರು ಹಪ್ಪಳಕ್ಕೆ ಪೇಟೆಯ ಅಂಗಡಿಯವನು ಹೇಳಿದ ದರಕ್ಕೆ ಒಪ್ಪಿಕೊಂಡರೆ, ಮಂಡಳಿ ಬೆಳೆಯುವುದು ಸದಸ್ಯೆಯರ ಬೆನ್ನು ನೋವಿನ ಮೇಲೆ. ನಾವು ಮಾರಿದ ಹಣದಲ್ಲಿ ಮೊದಲು ಸಾಮಾನಿನ ಖರ್ಚು ಕಳೆದು, ಉಳಿದದ್ದರಲ್ಲಿ ಅರ್ಧವನ್ನು ಬಂದು ದುಡಿದವರಿಗೇ ಹಂಚುತ್ತಿದ್ದೆವು. ಇದಕ್ಕೆ ಕೆಲವರು ಮೂಗು ಮುರಿದರು. ಸೇವೆಗೆ ಸಂಬಳವೇ ಎಂದು ಕೇಳಿದರು. ಕೇಳಿದವರಲ್ಲಿ ಹೆಚ್ಚಿನವರು ಹಪ್ಪಳ ಒತ್ತಲು ಬಂದವರಲ್ಲ. ಬೆಂಗಳೂರಿನ ನೆಂಟರಿಂದ ಮಾರ್ಚ್‌ನಲ್ಲೇ ಮುಂಗಡ ಪಡೆದು, ಬಂದ ಆರ್ಡರಿನಷ್ಟೇ ಮಾಡಿ.

ಅಪ್ಪೆಮಿಡಿ ಉಪ್ಪಿನಕಾಯಿಗೆ ಕೈ ಹಾಕಬೇಡಿ. ಇಳುವರಿ ಕಡಿಮೆಯಾದ ವರ್ಷ ಮಿಡಿಯ ಬೆಲೆ ಕೇಳುವಂತಿರುವುದಿಲ್ಲ, ಬಂಡವಾಳವೆಲ್ಲ ಭರಣಿಯಲ್ಲಿ ಕೂತುಬಿಡುತ್ತದೆ.

ಹಪ್ಪಳವೊಂದರಿಂದಲೇ ಒಂದೂವರೆ ಲಕ್ಷ ಹುಟ್ಟುವುದಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ನನ್ನ ಸಲಹೆ: ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಒಂದು ಶನಿವಾರ ಸಂಜೆ ಆಲೆಮನೆ ಹಬ್ಬ, ಅಂದರೆ ಕಬ್ಬಿನ ಹಾಲು ಕುಡಿಸುವ ಕೂಟ, ಮಾಡಿ. ನಮ್ಮ ಕಡೆ ಎಷ್ಟೋ ಸಂಘಗಳು ಇದನ್ನು ಚೆನ್ನಾಗಿ ನಡೆಸುತ್ತಿವೆ. ಗಾಣದವರೊಂದಿಗೆ ಮೊದಲೇ ಮಾತಾಡಿ ಕಬ್ಬಿನ ಹಾಲಿನ ದರ ಗೊತ್ತು ಮಾಡಿಕೊಳ್ಳಿ. ಪ್ರವೇಶಕ್ಕೆ ಟಿಕೆಟ್, ಹೊಟ್ಟೆ ತುಂಬುವಷ್ಟು ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ ಮತ್ತು ಮಿರ್ಚಿ. ಸಿಹಿ ಕುಡಿದವರು ಖಾರ ಕೇಳಿಯೇ ಕೇಳುತ್ತಾರೆ, ಲಾಭ ಇರುವುದು ಅಲ್ಲಿ. ಒಂದು ಮೂಲೆಯಲ್ಲಿ ತೊಡೆದೇವು ಎಂಬ ಹಾಳೆಯಂಥ ತೆಳು ಸಿಹಿತಿಂಡಿ ಎರೆಯುವವರನ್ನು ಕೂರಿಸಿ. ಬೋರಲು ಮಡಕೆಯ ಮೇಲೆ ಎರೆಯುವುದನ್ನು ನೋಡಲೆಂದೇ ಪೇಟೆಯವರು ನಿಲ್ಲುತ್ತಾರೆ, ನಿಂತವರು ಕೊಳ್ಳುತ್ತಾರೆ. ಅದನ್ನು ಪಾರ್ಸೆಲ್ ಕಳುಹಿಸಲು ಹೋಗಬೇಡಿ, ಪುಡಿಯಾಗುತ್ತದೆ. ರಾತ್ರಿ ನಿಮ್ಮವರದ್ದೇ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇರಲಿ. ಹೆಂಗಸರು ಅರ್ಥ ಹೇಳುತ್ತಾರೆಂದರೆ ಅಕ್ಕಪಕ್ಕದ ಊರಿನವರೂ ಬಂದು ಕೂರುತ್ತಾರೆ.

ಲೆಕ್ಕದ ವಿಚಾರದಲ್ಲಿ ಮಾತ್ರ ಯಾರ ಮುಲಾಜಿಗೂ ಒಳಗಾಗಬೇಡಿ. ನಂಬರ್ ಇರುವ ರಸೀದಿ ಪುಸ್ತಕ, ಬ್ಯಾಂಕಿನಲ್ಲಿ ಇಬ್ಬರ ಸಹಿ, ನಗದು ಮರುದಿನವೇ ಖಾತೆಗೆ. ಹಬ್ಬ ಮುಗಿದ ವಾರದೊಳಗೆ ಜಮಾ–ಖರ್ಚನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಪ್ರತಿಯನ್ನು ಗೋಡೆಗೆ ಅಂಟಿಸಿ. ಹಾಲು ತಂದ ಪಾತ್ರೆಯ ಬಾಡಿಗೆಯೂ ಅದರಲ್ಲಿರಲಿ. ನಮ್ಮಲ್ಲಿ ಹೀಗೆ ಅಂಟಿಸಿದ ಹಾಳೆ ಓದಿಯೇ ಒಬ್ಬ ಅಡಿಕೆ ವ್ಯಾಪಾರಿ ತಾವಾಗಿ ಬಂದು ಕುರ್ಚಿಗಳನ್ನು ಕೊಡಿಸಿದರು.

ಕುಂದಾಪುರದವಳು:

ಅಕ್ಕ ಹೇಳಿದ್ದು ಎಲ್ಲವೂ ಸರಿ. ನಾನು ಖರ್ಚು ಇಳಿಸುವ ದಾರಿಯೊಂದನ್ನು ಹೇಳುತ್ತೇನೆ. ಅಂದಾಜಿನಲ್ಲಿ ಹೊಸ ಹೆಂಚಿನ ದರ ಹಾಕಿದ್ದಾರೆಯೇ ಎಂದು ಕೇಳಿ ನೋಡಿ. ಈಗ ಎಲ್ಲ ಕಡೆ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುತ್ತಿದ್ದಾರೆ, ಹಳೆಯ ಮಂಗಳೂರು ಹೆಂಚು, ಒಳ್ಳೆಯ ಮರ ಎರಡೂ ಕಡಿಮೆಗೆ ಸಿಗುತ್ತವೆ. ಕೆಲವರು ಸಾಗಿಸಿಕೊಂಡು ಹೋದರೆ ಸಾಕು ಎಂದು ಬಿಟ್ಟೇ ಕೊಡುತ್ತಾರೆ. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕಾಗುತ್ತದೆ, ಒಡೆಯುವುದಕ್ಕೆಂದು ಸ್ವಲ್ಪ ಹೆಚ್ಚಿಗೆ ತನ್ನಿ. ಬೆರಳಿನಿಂದ ತಟ್ಟಿದರೆ ಠಣ್ ಎನ್ನಬೇಕು, ಮಂಕಾದ ಸದ್ದು ಬಂದರೆ ಒಳಗೆ ಸೀಳಿದೆ ಎಂದರ್ಥ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳನ್ನು ಬೆರೆಸಬೇಡಿ, ಒಂದರ ಕೊಂಡಿ ಇನ್ನೊಂದಕ್ಕೆ ಕೂರದೆ ಮತ್ತೆ ಸೋರುತ್ತದೆ. ಹಿಂಬದಿಯ ಮುದ್ರೆ ನೋಡಿ ಆರಿಸಿ.

ಲೆಕ್ಕಪರಿಶೋಧಕಿ, ಬೆಂಗಳೂರು:

ಊರು ಬಿಟ್ಟವರ ಹತ್ತಿರ ದೇಣಿಗೆ ಕೇಳುವ ಯೋಚನೆ ಇದ್ದರೆ ಎರಡು ಮಾತು. 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ಅನುಮೋದನೆ, ಇದೆಯೇ ಎಂದು ಕೆಲವರು ಕೇಳುತ್ತಾರೆ. ಮಂಡಳಿಗೆ ಆ ಅನುಮೋದನೆ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ, ರಸೀದಿಯ ಮೇಲೆ ಸುಳ್ಳು ಬರೆಯಬೇಡಿ. ಈ ಒಂದು ಕೆಲಸಕ್ಕಾಗಿ ಅದರ ಹಿಂದೆ ಓಡುವ ಅಗತ್ಯವೂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೇ ಸಿಗುವುದಿಲ್ಲ, ಹಳೆಯದರಲ್ಲಿ ಇರುವವರಿಗೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ಹಣ ನೇರವಾಗಿ ಮಂಡಳಿಯ ಖಾತೆಗೆ ಬರಲಿ, ಯಾರದೇ ಸ್ವಂತ ಮೊಬೈಲ್ ಸಂಖ್ಯೆಗೆ ಬೇಡ. ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ವರ್ಷವರ್ಷದ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಬಾಕಿ ಇದ್ದರೆ ಹಬ್ಬಕ್ಕೆ ಮುಂಚೆ ಸರಿಮಾಡಿ.

ಕಾರ್ಯದರ್ಶಿ, ಸಾಗರ ತಾಲ್ಲೂಕು:

ಮೂವರಿಗೂ ಮನಸಾರೆ ಧನ್ಯವಾದಗಳು. ಖಜಾಂಚಿ ಅಕ್ಕನ ಉತ್ತರವನ್ನು ನಿನ್ನೆ ಸಭೆಯಲ್ಲಿ ಓದಿದೆ. ಅರ್ಧ ಪುಸ್ತಕ ಕೂಪನ್ ಉಳಿಯುವ ಮಾತು ಬಂದಾಗ ಇಬ್ಬರು ತಲೆಯಾಡಿಸಿದರು, ಆಮೇಲೆ ಕೂಪನ್ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅಧ್ಯಕ್ಷೆಯವರು ವಂತಿಗೆ ಬಿಟ್ಟುಕೊಟ್ಟರು. ದುಡಿದವರಿಗೆ ಪಾಲು ಕೊಡುವ ವಿಚಾರದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ, ಅದು ಮುಂದಿನ ಸಭೆಗೆ. ಆಲೆಮನೆ ಮಾಡುವುದೆಂದು ನಿರ್ಧಾರವಾಗಿದೆ. ಬಡಗಿಯನ್ನು ವಿಚಾರಿಸಿದೆ, ಅಂದಾಜು ಹೊಸ ಹೆಂಚಿನದ್ದೇ. ಪಕ್ಕದ ಊರಲ್ಲಿ ಕೆಡವುತ್ತಿರುವ ಮನೆಯೊಂದನ್ನು ನೋಡಲು ಭಾನುವಾರ ಹೋಗುತ್ತೇವೆ.

ಅಕ್ಕ, ಒಂದು ಕೇಳುವುದಿತ್ತು. ಟಿಕೆಟ್ ಮೊದಲೇ ಮಾರಬೇಕೋ, ಬಾಗಿಲಲ್ಲೋ?

ಹಳೆಯ ಖಜಾಂಚಿ, ಶಿರಸಿ:

ಮುಕ್ಕಾಲು ಪಾಲು ಮೊದಲೇ ಮಾರಿ, ಇಲ್ಲದಿದ್ದರೆ ಗಾಣದವರಿಗೆ ಎಷ್ಟು ಹಾಲು ಹೇಳಬೇಕೆಂದು ತಿಳಿಯುವುದಿಲ್ಲ. ಮಕ್ಕಳಿಗೆ ಅರ್ಧ ದರ ಇಡಿ. ಹಾಲು ಬೇಗ ಹುಳಿಯಾಗುತ್ತದೆ, ಆದ್ದರಿಂದ ಸಂಜೆಯ ಹಬ್ಬಕ್ಕೆ ಮಧ್ಯಾಹ್ನದ ಮೇಲೆ ಅರೆದದ್ದನ್ನೇ ತರಿಸಿ. ಸಾಧ್ಯವಾದರೆ ಗಾಣವನ್ನೇ ಅಂಗಳಕ್ಕೆ ಕರೆಸಿ. ಮಿರ್ಚಿ ಬಾಣಲೆಗೆ ಇಬ್ಬರು ಸಾಲುವುದಿಲ್ಲ, ನಾಲ್ವರನ್ನು ನಿಲ್ಲಿಸಿ. ಪಾಲಿನ ವಿಚಾರದಲ್ಲಿ ಅಧ್ಯಕ್ಷೆಯವರ ಜೊತೆ ಬೇಕಾದರೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.