ಅಪ್‌ಡೇಟ್: ಘಾಟಿಯಲ್ಲಿ ಉಸಿರು ಕಟ್ಟುತ್ತಿದ್ದ ಕಾರು ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಪೆಟ್ರೋಲ್ ಕಾರು ಊರೊಳಗೆ ಚೆನ್ನಾಗಿ ಓಡುತ್ತೆ, ಆಗುಂಬೆ ಘಾಟಿ ಹತ್ತುವಾಗ ಮಾತ್ರ ಜಗ್ಗಿ ಜಗ್ಗಿ ನಿಲ್ಲುತ್ತೆ ಅಂತ. ಕಳ್ಳ ಸಿಕ್ಕಿದ.

ಸ್ಪಾರ್ಕ್ ಪ್ಲಗ್ ಬದಲಿಸಿದೆ, ಇಂಜೆಕ್ಟರ್ ಕ್ಲೀನರ್ ಸುರಿದೆ, ದುಡ್ಡು ದಂಡ. ಗ್ಯಾರೇಜಿನವರು ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಪೈಪಿಗೆ ಪ್ರೆಶರ್ ಗೇಜ್ ಹಾಕಿ 3.5 ಬಾರ್ ನೋಡಿ, 'ಪ್ರೆಶರ್ ಸರಿ ಇದೆ ಸಾರ್' ಅಂದುಬಿಟ್ಟಿದ್ದರು. ಇಲ್ಲೊಬ್ಬರು 'ಲೋಡ್ ಬಿದ್ದಾಗ ನೋಡಿ' ಅಂದದ್ದೇ ಕೆಲಸಕ್ಕೆ ಬಂತು. ಗೇಜನ್ನು ವೈಪರಿನಡಿ ಸಿಕ್ಕಿಸಿ, ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು ಹೊರಟೆ. ಮೂರನೇ ತಿರುವಿನಲ್ಲಿ ಮುಳ್ಳು 2ಕ್ಕಿಂತ ಕೆಳಗೆ!

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಹೋಯ್ತು ಅಂತ ಹೊಸದನ್ನು ಆರ್ಡರ್ ಮಾಡುವವನಿದ್ದೆ. 'ಮೊದಲು ಪಂಪಿಗೆ ಬರೋ ವೋಲ್ಟೇಜ್ ಅಳೀರಿ' ಎಂದ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8, ಪಂಪಿನ ಕನೆಕ್ಟರಿನಲ್ಲಿ ಬರೀ 10.6. ಪಂಪಿನ ಅರ್ತ್ ಪಿನ್ನಿಗೂ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಕಡೆ) ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ 2.6 ವೋಲ್ಟ್ ತೋರಿಸಿತು. ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕಿತ್ತು. ಹಿಂದಿನ ಸೀಟು ಎತ್ತಿದರೆ ಕಾರ್ಪೆಟ್ ಒದ್ದೆ, ಅರ್ತ್ ಬೋಲ್ಟಿನ ಸುತ್ತ ಹಸಿರು ಪಾಚಿಯಂಥ ತುಕ್ಕು. ಮಳೆಗಾಲದಲ್ಲಿ ಬಾಗಿಲ ರಬ್ಬರಿನಿಂದ ನೀರು ಒಸರಿತ್ತು. ಆ ತುಕ್ಕಿನಿಂದಲೇ ಪಂಪಿಗೆ ಪೂರ್ತಿ ವೋಲ್ಟೇಜ್ ಸಿಗದೆ, ಘಾಟಿಯಲ್ಲಿ ಪ್ರೆಶರ್ ಬೀಳುತ್ತಿತ್ತು.

ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ ಬಿಗಿದೆ. ಖರ್ಚು ಚಹಾ ಸೇರಿ ₹80. ನಿನ್ನೆ ಅದೇ ಘಾಟಿಯಲ್ಲಿ ಮುಳ್ಳು 3.4ರಿಂದ ಕದಲಲಿಲ್ಲ.

ಗೇಜ್ ಜೋಡಿಸುವ ಮುಂಚೆ ಪಂಪ್ ಫ್ಯೂಸ್ ಕಿತ್ತು, ಪೈಪಿನೊಳಗಿನ ಪ್ರೆಶರ್ ಇಳಿಯಲು ಗಾಡಿ ನಿಲ್ಲಿಸಿಕೊಂಡೇ ಎಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಿಸಿ. ನಾನು ಮರೆತು, ಅಂಗಿಗೆಲ್ಲ ಪೆಟ್ರೋಲ್ ಅಭಿಷೇಕ ಮಾಡಿಸಿಕೊಂಡೆ. ಬಾಗಿಲ ರಬ್ಬರ್ ಇನ್ನೂ ಬದಲಿಸಿಲ್ಲ, ಭಾನುವಾರ ನೋಡ್ತೀನಿ.